ಹತ್ತು ನಿಮಿಷದ ದಾರಿಗೆ ಮೂರು ದಿನ

ಅನಾಯೇಲಿ ಮಿಂಜಾನನ್ನು ನಾನು ಮೊದಲು ನೋಡಿದ ದಿನ ಅವನು ನನ್ನ ಚೀಲವನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ, ಮುಖ ಸಿಂಡರಿಸಿಕೊಂಡು ನಿಂತಿದ್ದ. ನಾನು ಬೆಟ್ಟದ ಬುಡದ ಮರಂಗು ಊರಿಗೆ ಭೂಗೋಳದ ಮೇಷ್ಟ್ರಾಗಿ ಬಂದು ಎರಡು ತಿಂಗಳಾಗಿತ್ತು. ದಿನವೂ ಕರಿಹಲಗೆಯ ಮೇಲೆ ಕಿಲಿಮಂಜಾರೋ ಬರೆಯುವವನು ಒಮ್ಮೆಯಾದರೂ ಅದನ್ನು ಹತ್ತದಿದ್ದರೆ ಮಕ್ಕಳು ನಕ್ಕಾರೆಂದು ರಜೆಯಲ್ಲಿ ಹೊರಟಿದ್ದೆ.

"ಇದರೊಳಗೆ ಏನಿದೆ ಮೇಷ್ಟ್ರೇ, ಕಲ್ಲಾ?"

"ಪುಸ್ತಕ. ನಾಲ್ಕೇ ನಾಲ್ಕು."

"ಮೇಲೆ ಹೋದ್ಮೇಲೆ ನಿಮ್ಮ ಹೆಸರು ನಿಮಗೇ ನೆನಪಿರಲ್ಲ. ಪುಸ್ತಕ ಯಾರಿಗೆ, ಅಲ್ಲಿರೋ ಕಾಗೆಗಳಿಗಾ?"

ಪುಸ್ತಕಗಳು ಹೊರಬಂದವು. ಅವುಗಳ ಹಿಂದೆ ಕನ್ನಡಿ, ಇನ್ನೊಂದು ಜೊತೆ ಚಪ್ಪಲಿ, ಉಪ್ಪಿನಕಾಯಿಯ ಗಾಜಿನ ಜಾಡಿ. ಜಾಡಿಯನ್ನು ಮೂಸಿ ನೋಡಿ, ಸ್ವಲ್ಪ ಯೋಚಿಸಿ, ತನ್ನ ಚೀಲಕ್ಕೆ ಹಾಕಿಕೊಂಡ. ಅದು ಅನಾಯೇಲಿ.

ಅವನಂತೆ ಬೆಟ್ಟದ ಪ್ರಯಾಣವನ್ನು ಹೊಂದಿಸುವ ಮಾರ್ಗದರ್ಶಿ ಮರಂಗುವಿನಲ್ಲಿ ಇನ್ನೊಬ್ಬನಿರಲಿಲ್ಲ. ಯಾವ ಬಂಡೆಯ ಹತ್ತಿರ ಕೂರಬೇಕು, ಎಲ್ಲಿ ಎಷ್ಟು ಲೋಟ ನೀರು ಕುಡಿಯಬೇಕು, ಎಲ್ಲವೂ ಹೊರಡುವ ಮೊದಲೇ ನಿಶ್ಚಯವಾಗಿರುತ್ತಿತ್ತು. ಹಗಲು ಎತ್ತರಕ್ಕೆ ಹತ್ತಿ, ರಾತ್ರಿ ಇಳಿದು ಬಂದು ಮಲಗಬೇಕೆಂಬುದು ಅವನ ಮುಖ್ಯ ಪಾಠ. "ಹೊಸ ನೆಂಟರ ಮನೆ ಇದ್ದಂಗೆ ಈ ಬೆಟ್ಟ. ಮೊದಲ ದಿನವೇ ಅಡುಗೆಮನೆಗೆ ನುಗ್ಗಬಾರದು. ಬಾಗಿಲ ತನಕ ಹೋಗಿ ವಾಪಸ್ ಬರಬೇಕು," ಎನ್ನುತ್ತಿದ್ದ.

ಅವನ ಜೊತೆಯ ಅಡುಗೆಯವನು ಲಾಸರೋ ತೇಂಬಾ. ಅನಾಯೇಲಿಯ ತಂಗಿ ಅಪೈಕುಂಡಳ ಗಂಡ. ಹಸಿ ಬಾಳೆಕಾಯಿ ಮತ್ತು ಮಾಂಸ ಬೇಯಿಸಿ ಅವನು ಮಾಡುವ ಮ್ತೋರಿಯೆಂಬ ಗಟ್ಟಿ ಸಾರು, ಎತ್ತರದಲ್ಲಿ ಅನ್ನ ಸೇರದವರ ಗಂಟಲಲ್ಲೂ ಇಳಿಯುತ್ತಿತ್ತು. ಭಾವಂದಿರಿಬ್ಬರೂ ಇಪ್ಪತ್ತು ವರ್ಷ ಒಟ್ಟಿಗೆ ಹತ್ತಿದರು. ಆಮೇಲೆ ಏಳು ವರ್ಷ ಮಾತು ಬಿಟ್ಟರು. ಕಾರಣ ಅದೇ ತಕ್ಕಡಿ.

ದೂರದ ಟುಕುಯು ಊರಿನಿಂದ ಟುಸಾಜಿಗ್ವೆ ಎಂಬ ದಾದಿಯೊಬ್ಬಳು ಬೆಟ್ಟ ಹತ್ತಲು ಬಂದಿದ್ದಳು. ಹೊರಡುವ ಮುನ್ನಾದಿನ ಲಾಸರೋನ ಮ್ತೋರಿ ಉಂಡು, ತನ್ನ ತಾಯಿಯ ಕೈರುಚಿಯೇ ಎಂದಿದ್ದಳು. ಮರುದಿನ ಬೆಟ್ಟದ ಹೆಬ್ಬಾಗಿಲಿನಲ್ಲಿ ಹೊರೆ ತೂಗುವಾಗ ನಿಗದಿಗಿಂತ ಮೂರು ಕಿಲೋ ಹೆಚ್ಚು ಬಂದಿತು. ಅನಾಯೇಲಿ ಲಾಸರೋನಿಗೆ ಹೇಳದೆ ಬಾಳೆಕಾಯಿ ತೆಗೆಸಿ, ಅಕ್ಕಿಯೇ ಸಾಕೆಂದ. ಕೊನೆಯ ವಸತಿ ಕೀಬೋದಲ್ಲಿ ಆಕೆಗೆ ಒಂದು ತುತ್ತೂ ಸೇರಲಿಲ್ಲ. ಬರಿಹೊಟ್ಟೆಯಲ್ಲಿ ಹತ್ತಲಾರದೆ ಅಲ್ಲಿಂದಲೇ ಇಳಿದಳು. ಕೆಳಗೆ ಬಂದ ಮೇಲೆ ಎಲ್ಲರೂ ಏನಾಯಿತೆಂದು ಕೇಳಿದಾಗ ಅನಾಯೇಲಿಯ ಬಾಯಿಂದ ಬಂದದ್ದು, "ಅಡುಗೆ ಸರಿಯಾಗಲಿಲ್ಲ" ಎಂಬ ಮಾತು. ಲಾಸರೋ ಪಕ್ಕದಲ್ಲೇ ಪಾತ್ರೆ ಕಟ್ಟುತ್ತಿದ್ದ.

ಅಂದಿನಿಂದ ಲಾಸರೋ ಒಂದೇ ಮಾತು ಹಿಡಿದ: "ಇಸಾಲೆ ತರಲಿ." ಇಸಾಲೆ ಎಲೆಗೆ ಗಂಟು ಹಾಕಿ ಕೈಯಲ್ಲಿ ಹಿಡಿದು ಬಂದವನನ್ನು ಕ್ಷಮಿಸುವುದಿಲ್ಲವೆನ್ನುವ ಹಕ್ಕು ಈ ಬೆಟ್ಟದ ಚಗ್ಗ ಜನರಲ್ಲಿ ಯಾರಿಗೂ ಇಲ್ಲ. ಅದೇನು ದೂರದ ವಸ್ತುವಲ್ಲ. ಅನಾಯೇಲಿಯ ಮನೆಯ ಬೇಲಿಯೇ ಇಸಾಲೆಯದು. ಆದರೆ ಕೇಳಿದಾಗಲೆಲ್ಲ ಅವನು, "ಎಲೆ ಇನ್ನೂ ಎಳಸು ಮೇಷ್ಟ್ರೇ," ಎನ್ನುತ್ತಿದ್ದ. ಏಳು ವರ್ಷ ಆ ಬೇಲಿ ಎಳಸಾಗಿಯೇ ಉಳಿಯಿತು.

ಅನಾಯೇಲಿ ಬೆಟ್ಟ ಹತ್ತಿದ ಕೊನೆಯ ವರ್ಷದಲ್ಲಿ ಟುಸಾಜಿಗ್ವೆಯ ಕಾಗದ ಬಂದಿತು. ಇನ್ನೊಮ್ಮೆ ಹತ್ತಬೇಕೆಂದಿದ್ದೇನೆ, ಆ ಬಾಳೆಕಾಯಿ ಸಾರಿನವರು ಬರುವುದಾದರೆ ಮಾತ್ರ, ಎಂದು ಬರೆದಿದ್ದಳು. ಬೆಟ್ಟದ ಕಾಯಿಲೆಯಿಂದ ಅವನ ಜೊತೆ ಹೋಗಿ ಅರ್ಧದಲ್ಲೇ ಇಳಿದವರು ಎಷ್ಟೋ ಮಂದಿ; ಅವನ ತಪ್ಪಿನಿಂದ ಇಳಿದವಳು ಅವಳೊಬ್ಬಳೇ. ಆ ಕಾಗದವನ್ನು ಅವನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗತೊಡಗಿದ.

ಬೇರೆ ಇಬ್ಬರು ಅಡುಗೆಯವರಿಂದ ಮ್ತೋರಿ ಮಾಡಿಸಿದ; ರುಚಿ ನೋಡುವ ಕೆಲಸ ನನಗೆ ಬಿದ್ದಿತು. ಒಂದು ಅಂಟಾಗಿತ್ತು, ಇನ್ನೊಂದು ನೀರಾಗಿತ್ತು. ಕೊನೆಗೆ ನನ್ನನ್ನೇ ಲಾಸರೋನಲ್ಲಿಗೆ ಸಂಧಾನಕ್ಕೆ ಕಳುಹಿಸಿದ.

"ಮೇಷ್ಟ್ರು ಬಂದ್ರು, ಸಂತೋಷ. ಎಲೆ ಎಲ್ಲಿ?" ಎಂದು ಲಾಸರೋ ನನಗೆ ಊಟ ಹಾಕಿ ಕಳುಹಿಸಿದ.

ಲಾಸರೋನ ಮನೆ ಅನಾಯೇಲಿಯ ಮನೆಯಿಂದ ಬಾಳೆತೋಟದ ನಡುವೆ ಹತ್ತು ನಿಮಿಷದ ಏರುದಾರಿ. ಮರುದಿನ ಬೆಳಗ್ಗೆ ಅನಾಯೇಲಿ ಟೋಪಿ, ಕೋಲು, ನೀರಿನ ಬಾಟಲಿ ಸಮೇತ ನಮ್ಮ ಮನೆಯ ಮುಂದೆ ಹಾದುಹೋದ. ದಾರಿಯಲ್ಲಿನ ಚರ್ಚಿನ ಮುಂದಿನ ಕಲ್ಲಿನ ಮೇಲೆ ಕುಳಿತು ನೀರು ಕುಡಿದು ಹಿಂತಿರುಗಿದ.

"ಎಲ್ಲಿಗೆ ಹೋಗಿದ್ದೆ?"

"ಸುಮ್ನೆ. ಕಾಲು ಸಡಿಲ ಆಗ್ಲಿ ಅಂತ."

ಎರಡನೆಯ ದಿನ ಚರ್ಚನ್ನು ದಾಟಿ ನೀರುಕಾಲುವೆಯವರೆಗೆ ಹೋಗಿ ಬಂದ. ಮೂರನೆಯ ದಿನ ಬಂದು ನನ್ನ ಬಾಗಿಲು ತಟ್ಟಿದ. "ನೀವೂ ಬನ್ನಿ ಮೇಷ್ಟ್ರೇ. ಒಬ್ಬರೇ ಹತ್ತಬಾರದು ಅನ್ನೋದು ನಿಯಮ." ಅವನ ಕೈಯಲ್ಲಿ ಗಂಟು ಹಾಕಿದ ಎಲೆಯಿತ್ತು. ಹಿಡಿದು ಹಿಡಿದು ಅದು ಬಾಡಿಹೋಗಿತ್ತು.

ಅಪೈಕುಂಡ ಅಂಗಳದಲ್ಲಿ ಕಾಫಿಬೀಜ ಹರವುತ್ತಿದ್ದಳು. ಎರಡು ದಿನವೂ ಅಣ್ಣನನ್ನು ಬಾಳೆಯ ಮರೆಯಿಂದ ನೋಡಿದ್ದಳೆಂದು ಕಾಣುತ್ತದೆ.

"ಅಣ್ಣ, ಇವತ್ತಾದ್ರೂ ಒಳಗೆ ಬರ್ತೀಯೋ, ಇಲ್ಲ ಇವತ್ತೂ ಕೆಳಗೆ ಹೋಗಿ ಮಲ್ಕೋತೀಯೋ?"

ಅನಾಯೇಲಿ ಟೋಪಿ ತೆಗೆದು ಒಳಗೆ ಹೋದ. ಲಾಸರೋ ಬಾಳೆಕಾಯಿ ಸುಲಿಯುತ್ತಿದ್ದವನು ತಲೆಯೆತ್ತಲಿಲ್ಲ. ಅನಾಯೇಲಿ ಎಲೆ ಚಾಚಿದ.

"ಭಾವ, ಅವತ್ತು ಬಾಳೆಕಾಯಿ ತೆಗೆಸಿದ್ದು ನಾನು. ಅಡುಗೆ ಸರಿ ಇರಲಿಲ್ಲ ಅಂದಿದ್ದು ಸುಳ್ಳು."

ಲಾಸರೋ ಕೈ ಒರೆಸಿಕೊಂಡ. ಗೋಡೆಯಲ್ಲಿದ್ದ ಕಾಫಿ ತೂಗುವ ಕೊಕ್ಕೆ ತಕ್ಕಡಿ ಇಳಿಸಿ, ಎಲೆಯ ಗಂಟನ್ನು ಅದಕ್ಕೆ ಸಿಕ್ಕಿಸಿ, ಕಣ್ಣು ಕಿರಿದುಮಾಡಿ ಮುಳ್ಳನ್ನು ನೋಡಿದ. ಮುಳ್ಳು ಅಲುಗಲಿಲ್ಲ.

"ಇದಕ್ಕೆ ತೂಕಾನೇ ಇಲ್ವಲ್ಲ ಭಾವ. ಇದನ್ನ ಹೊತ್ತು ತರೋಕೆ ಏಳು ವರ್ಷ ಹಿಡೀತಾ?"

"ದಾರಿ ಏರು," ಎಂದ ಅನಾಯೇಲಿ, ನೆಲ ನೋಡುತ್ತ.

ಅಪೈಕುಂಡ ಹೊದ್ದ ಬಟ್ಟೆಯ ಅಂಚನ್ನು ಬಾಯಿಗೆ ಹಿಡಿದು ನಗುತ್ತ ಸೋರೆಬುರುಡೆಯಲ್ಲಿ ಬಾಳೆಹಣ್ಣಿನ ಮದ್ಯ ತಂದಳು. ಇಬ್ಬರೂ ಒಂದೇ ಬುರುಡೆಯಲ್ಲಿ ಕುಡಿದರು.

ಟುಸಾಜಿಗ್ವೆ ಮತ್ತೆ ಬಂದಾಗಲೂ ಹೊರೆ ಎರಡು ಕಿಲೋ ಹೆಚ್ಚಾಯಿತಂತೆ. ಅನಾಯೇಲಿ ತಕ್ಕಡಿಯತ್ತ ನೋಡದೆ, ತನ್ನ ಚೀಲದಿಂದ ಒಂದು ಕಂಬಳಿ, ಒಂದು ಜೊತೆ ಬೂಟು ಹೊರಗೆಸೆದು, ಬಾಳೆಕಾಯಿಯನ್ನು ತಾನೇ ಬೆನ್ನಿಗೆ ಹಾಕಿಕೊಂಡ. ಕೀಬೋದಲ್ಲಿ ಆಕೆ ಎರಡು ಬಟ್ಟಲು ಮ್ತೋರಿ ಉಂಡಳು. ಬೆಳಗಾಗುವಾಗ ತುದಿಯ ಹಿಮದ ಮೇಲೆ ನಿಂತಿದ್ದಳು. ಇಳಿದು ಬಂದವಳು ಮೊದಲು ಹೋಗಿ ಕೈಹಿಡಿದದ್ದು ಲಾಸರೋನದು. "ಹತ್ತಿಸಿದವನು ನಾನು, ಮರ್ಯಾದೆ ಸಾರಿಗೆ," ಎಂದು ಅನಾಯೇಲಿ ಒಂದು ವಾರ ಗೊಣಗಿದ.

ಈಗ ಭಾವಂದಿರಿಬ್ಬರೂ ಬೆಟ್ಟ ಹತ್ತುವುದನ್ನು ಬಿಟ್ಟಿದ್ದಾರೆ. ಸಂಜೆಯಾದರೆ ಅನಾಯೇಲಿ ನನ್ನನ್ನು ಕರೆದುಕೊಂಡು ಲಾಸರೋನ ಮನೆಗೆ ಹೊರಡುತ್ತಾನೆ. ದಣಿವಿರಲಿ ಇಲ್ಲದಿರಲಿ, ಚರ್ಚಿನ ಕಲ್ಲಿನ ಮೇಲೆ ಕೂರಲೇಬೇಕು. ನಾನು ಮುಂದೆ ನಡೆದರೆ ಬೈಯುತ್ತಾನೆ. ಆ ಇಸಾಲೆ ಎಲೆ ಒಣಗಿ ಲಾಸರೋನ ಒಲೆಯ ಮೇಲಿನ ಮೊಳೆಯಲ್ಲಿ ತೂಗುತ್ತಿದೆ. ಅನಾಯೇಲಿ ಸಾರಿನ ಬಗ್ಗೆ ಬಾಯಿ ತೆರೆದರೆ ಸಾಕು, ಲಾಸರೋ ಸೌಟಿನಿಂದ ಅದನ್ನು ತೋರಿಸುತ್ತಾನೆ.

ನಿನ್ನೆ ಉಪ್ಪು ಬಹಳ ಹೆಚ್ಚಾಗಿತ್ತು. ಅನಾಯೇಲಿ ಒಲೆಯ ಮೇಲಕ್ಕೊಮ್ಮೆ ನೋಡಿ, ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡ.