ದೋಣಿಯ ಮುಚ್ಚಳಕ್ಕೆ ಶಾಕ್ ಹುಡುಕಿದ್ದು

ಗೆಳೆಯರೇ, ಕೆರೆಯಲ್ಲಿ ನಾವು ಓಡಿಸುವ ದೋಣಿಯ ಇಂಜಿನ್ ಮುಚ್ಚಳ ಇಂದು ಬೆಳಿಗ್ಗೆ ಧಡಾರನೆ ಬಿತ್ತು. ತಮ್ಮ ಮಂಜ ಆಗಷ್ಟೇ ಕೈ ಹೊರಗೆಳೆದಿದ್ದ. ಮುಚ್ಚಳವನ್ನು ಎತ್ತಿ ಹಿಡಿಯುವ, ಗ್ಯಾಸ್ ತುಂಬಿದ ಕೊಳವೆಯಂಥ ಎರಡು ಶಾಕ್‌ಗಳೂ ಸತ್ತಿದ್ದವು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮುಚ್ಚಳವನ್ನೇ ಬಿಚ್ಚಿ ಟೆಂಪೋದಲ್ಲಿ ಹಾಕಿಕೊಂಡು ಶ್ರೀನಿವಾಸಪುರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡಿದೆ.

"ಯಾವ ಗಾಡಿಗಣ್ಣಾ?" ಅಂಗಡಿಯವನು ಕೇಳಿದ.

"ದೋಣಿಗೆ."

"ನಮ್ಮೂರಾಗೆ ದೋಣಿನಾ!" ಎಂದು ನಕ್ಕು, ಕಾರಿನ ಡಿಕ್ಕಿಗೆ ಹಾಕುವ ದಪ್ಪ ಶಾಕ್ ತಂದಿಟ್ಟ. "ಇದು ಹಾಕ್ಕಣ್ಣಾ. ಜೋರಾಗಿದ್ದಷ್ಟೂ ಒಳ್ಳೇದು."

"ಜೋರು ಜಾಸ್ತಿಯಾದ್ರೆ ಮುಚ್ಚೋಕಾಗಲ್ಲ, ಕೀಲೇ ಕಿತ್ತು ಬರ್ತದೆ. ಉದ್ದಾನೂ ಹಳೇದರಷ್ಟೇ ಇರ್ಬೇಕು."

"ಹಂಗಾದ್ರೆ ಮುಚ್ಚಳದ ತೂಕ ಎಷ್ಟು?"

ಗೊತ್ತಿರಲಿಲ್ಲ. ಎದುರಿನ ಮಾವಿನ ಮಂಡಿಗೆ ಹೊತ್ತುಕೊಂಡು ಹೋಗಿ ತೂಕದ ಮೆಷಿನ್ ಮೇಲಿಟ್ಟೆ. ಮಂಡಿಯ ಯಜಮಾನರು ಕನ್ನಡಕ ಏರಿಸಿ, "ಇದ್ಯಾವ ಕಾಯಪ್ಪಾ, ಬಾದಾಮಿನಾ, ತೋತಾಪುರಿನಾ?" ಎಂದರು. ಹದಿನೆಂಟು ಕೆ.ಜಿ. ಬಂತು. ಆ ಭಾರಕ್ಕೆ ಹೊಂದುವ, ಹಳೆಯದರಷ್ಟೇ ಉದ್ದದ ಒಂದು ಜೋಡಿ ಅದೇ ಅಂಗಡಿಯ ಮೂಲೆಯಲ್ಲಿ ಸಿಕ್ಕಿತು.

ಸಂಜೆ ಕೂರಿಸಿದೆವು. ಮುಚ್ಚಳ ಮೇಲೆದ್ದು ಗಟ್ಟಿಯಾಗಿ ನಿಂತಿತು. ಮಂಜ ಇಂಜಿನ್‌ಗೆ ಕೈ ಹಾಕಿದ. ನಾನು ಮುಚ್ಚಳ ಹಿಡಿದೇ ನಿಂತಿದ್ದೆ.

"ಬಿಡಣ್ಣಾ, ಅದೇ ನಿಂತ್ಕಂತದೆ."

"ಗೊತ್ತು ಕಣೋ," ಎಂದೆ. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ.

ಅಂಗಡಿಯಿಂದ ತಂದದ್ದು ಎರಡು ಶಾಕ್. ಮೂರನೆಯದು ನಾನೇ ಅಂತ ಕಾಣುತ್ತದೆ.