ಸಿಗದೆ ಹೋದ ಸೂಜಿಮೊನೆ

ಮಕ್ಕಳ ಬಟ್ಟೆ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕಾಲರ್ ಅಕ್ಕ ಎಂದು. ಕಾಲರ್ ಹೊಲಿದು ಹೊಲಿದೇ ಅವಳ ಪ್ರಾಯ ಸವೆದಿತ್ತು. ಬೈದರೆ ತಲೆ ತಗ್ಗಿಸುವ, ಇನ್ನಷ್ಟು ಹೊತ್ತು ಕೂರು ಎಂದರೆ ಕೂರುವ ಜೀವ. ಗಂಡ ಸೊಂಟ ಮುರಿದುಕೊಂಡು ಮಲಗಿದ ಮೇಲಂತೂ ಬಾಯಿಗೆ ಬೀಗವೇ ಬಿದ್ದಿತ್ತು. ಮನೆಯ ಒಲೆ ಉರಿಯಬೇಕಾದರೆ ಅವಳೊಬ್ಬಳೇ ದಿಕ್ಕು.

ಅಲ್ಲಿ ಒಂದು ಪದ್ಧತಿ. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ ತೋರಿಸಬೇಕು. ಆಮೇಲೇ ಹೊಸ ಸೂಜಿ. ಆ ದಿನ ಅವಳ ಸೂಜಿ ಮುರಿಯಿತು, ಮೊನೆ ಸಿಗಲೇ ಇಲ್ಲ. ಮಾಲು ಒಯ್ಯಲು ಲಾರಿ ಬಂದು ನಿಂತಿತ್ತು. ಲಾರಿ ಬಂದರೆ ಪದ್ಧತಿ ಗಿದ್ಧತಿ ಎಲ್ಲ ಗಾಳಿಗೆ!

"ಹೋಗ್ಲಿ ಬಿಡು, ಕಟ್ಟು ಕಟ್ಟಿ ಕಳಿಸು," ಎಂದ ಸೂಪರ್‌ವೈಸರ್.

"ಆಗಲ್ಲ ಸಾರ್. ಯಾವುದೋ ಮಗು ಕತ್ತಿಗೆ ಚುಚ್ಚುತ್ತೆ." ಅಂಗಿಗಳ ಕಟ್ಟನ್ನು ಅವುಚಿಕೊಂಡು ಕೂತೇಬಿಟ್ಟಳು.

"ಈಯಮ್ಮ ಡಿಫೈಯಂಟ್ ಸಾರ್," ಎಂದು ಅವನು ಮ್ಯಾನೇಜರಿಗೆ ದೂರು ಕೊಟ್ಟ. ಆ ಕಟ್ಟೊಂದನ್ನು ಬಿಟ್ಟು ಲಾರಿ ಹೊರಟಿತು. ನಾಳೆ ತಪ್ಪಾಯ್ತು ಅಂತ ಹೇಳಿ, ನಿನ್ನ ಕೈಯಾರೆ ಅದನ್ನು ಕಟ್ಟಿ ಕಳಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ ಎಂದ ಮ್ಯಾನೇಜರ್.

ಮನೆಗೆ ಬಂದವಳೇ ಮಗಳನ್ನು ಕೇಳಿದಳು. "ಡಿಫೈಯಂಟ್ ಅಂದ್ರೆ ಏನೇ? ಬೈಗುಳಾನಾ?"

"ಅಲ್ಲಮ್ಮ. ದೊಡ್ಡೋರು ಎಷ್ಟೇ ಹೆದರಿಸಿದ್ರೂ ಜಗ್ಗದೆ, ಎದೆ ಕೊಟ್ಟು ನಿಲ್ಲೋರಿಗೆ ಹಾಗಂತಾರೆ. ಸಿಟ್ಟಲ್ಲಿ ಅಂದ್ರೆ ದೂರು, ಮೆಚ್ಕೊಂಡು ಅಂದ್ರೆ ಹೊಗಳಿಕೆ."

"ಹಾಗಾದ್ರೆ ಅದು ನಾನಲ್ಲ ಬಿಡು. ನಂಗೆ ಕೈಕಾಲೆಲ್ಲ ನಡುಗ್ತಿತ್ತು."

"ತಪ್ಪಾಯ್ತು ಅಂದ್ರೆ ನಾಲಿಗೆ ಸವೆಯಲ್ಲ ಕಣೇ," ಎಂದ ಗಂಡ, ಹಾಸಿಗೆಯಿಂದಲೇ. ಅವಳು ಹೂಂ ಎಂದಳು. ಮನಸ್ಸಿನಿಂದಲೇ ಹೂಂ ಎಂದಳು.

ಬೆಳಗ್ಗೆ "ತಪ್ಪಾಯ್ತು ಸಾರ್" ಎಂಬ ಮಾತು ಸಲೀಸಾಗಿಯೇ ಬಂತು. ಕಟ್ಟು ತಂದು ಮುಂದಿಟ್ಟರು. ಮೇಲಿದ್ದ ಅಂಗಿಯ ಕಾಲರ್‌ ಅವಳ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಪುಟ್ಟದು. ಹಗ್ಗ ಎತ್ತಿಕೊಂಡಳು, ಗಂಟು ಹಾಕಲು ಕೈ ಬರಲಿಲ್ಲ.

"ಆಗಲ್ಲ ಸಾರ್," ಎಂದಳು, ಗೊಳೋ ಎಂದು ಅಳುತ್ತ.

ಅವಳನ್ನು ಗೇಟಿನಾಚೆ ಬಿಟ್ಟು ಬಂದರು. ಬೇರೆ ಯಾರೋ ಗಂಟು ಹಾಕಿದರು; ಅವಳು ನೋಡುತ್ತಿದ್ದಂತೆಯೇ ಕಟ್ಟು ಆ ದಿನದ ಲಾರಿ ಹತ್ತಿತು. ಬೇಡಿಕೊಂಡಳು, ಗೇಟು ಬಡಿದಳು. ಯಾರೂ ತಿರುಗಿ ನೋಡಲಿಲ್ಲ.

"ಏನಾಯ್ತಮ್ಮ?" ಎಂದಳು ಸಂಜೆ ಮಗಳು.

"ನಿನ್ನೆ ಕೇಳಿದ್ನಲ್ಲ, ಆ ಮಾತು ನಂಗೇ ಕಣೇ. ನಡುಗ್ತಾ ನಿಂತ್ರೂ ಹಾಗೇ ಅಂತಾರೆ," ಎಂದಳು ಅವಳು. ಆಮೇಲೆ ಹಚ್ಚದ ಒಲೆಯ ಮುಂದೆ ಕುಸಿದು ಕೂತಳು. "ನಾಳೆ ಏನು ಬೇಯಿಸ್ಲಿ, ಅದನ್ನ ಹೇಳು."