ಪರದೆಯ ಮೇಲಿನ ಊರು

ಫೋಟೊ ಸ್ಟುಡಿಯೋಗೆ ಹಿನ್ನೆಲೆಯ ಪರದೆ ಬರೆಯುವ ಆ ಪೇಂಟರಿಗೆ ಮೊದಲೆಲ್ಲ ಕೊಳ, ಹೂದೋಟ ಬರೆದೇ ಹೊಟ್ಟೆ ತುಂಬುತ್ತಿತ್ತು. ಬಣ್ಣದ ಕಾರ್ಖಾನೆ ಶುರುವಾಗಿ ಊರ ಕೊಳವೇ ಕೆಂಪಾದ ಮೇಲೆ ಹೂದೋಟದ ಮುಂದೆ ನಿಲ್ಲುವವರೇ ಇಲ್ಲವಾದರು.

"ಮುಂದೆ ಬರೋ ಊರು ಬರಿಯಪ್ಪಾ, ಆಕಾಶ ಮುಟ್ಟೋ ಕಟ್ಟಡ ಇರ್ಲಿ" ಎಂದು ಸ್ಟುಡಿಯೋ ಮಾಲೀಕ ದುಂಬಾಲು ಬಿದ್ದ.

ಪೇಂಟರ್ ಊಟ ನಿದ್ದೆ ಬಿಟ್ಟು ಬರೆದ. ಕಟ್ಟಡಗಳ ನಡುವೆ ತೇಲುವ ರೈಲು, ಸಾಲುಸಾಲು ಕಿಟಕಿ, ಹೊಗೆಯಿಲ್ಲದ ತಿಳಿನೀಲಿ ಆಕಾಶ. ಕಾರ್ಖಾನೆಯಲ್ಲಿ ದುಡಿಯುವ ಅಕ್ಕನನ್ನು ಕರೆತಂದು ಹೆಮ್ಮೆಯಿಂದ ತೋರಿಸಿದ.

ಅಕ್ಕ ಕೆಮ್ಮುತ್ತಲೇ ಕಣ್ಣರಳಿಸಿ ನೋಡಿದಳು. "ಚೆನ್ನಾಗಿದೆ ಕಣೋ. ಆದ್ರೆ ಇಷ್ಟೊಂದು ಕಿಟಕಿ ಇದೆ, ಒಂದ್ರಲ್ಲೂ ಬಟ್ಟೆ ಒಣಹಾಕಿಲ್ವಲ್ಲ. ಇಲ್ಲಿ ನಮ್ಮಂಥೋರು ಯಾರೂ ಇರಲ್ವಾ?"

ಆ ಮಾತು ಅವನನ್ನು ಕೊರೆಯತೊಡಗಿತು. ಕಿಟಕಿಗಳ ಹಿಂದೆ ಯಾರಿದ್ದಾರೆಂದು ಎಷ್ಟು ಯೋಚಿಸಿದರೂ ಒಂದು ಮುಖವೂ ಹೊಳೆಯಲಿಲ್ಲ. ಕೊನೆಗೆ ಒಂದು ಕಿಟಕಿಗೆ ಹಗ್ಗ ಕಟ್ಟಿದಂತೆ ಬರೆದು, ಅದರ ಮೇಲೆ ಅಕ್ಕನ ಕೆಲಸದ ಅಂಗಿ ಹರವಿದ. ಅವಳಿಗೂ ಹೇಳಿದ.

ಮಾಲೀಕ ಕೆಂಡಾಮಂಡಲವಾದ. "ಇದನ್ನ ನೋಡೋಕೆ ಕಾರ್ಖಾನೆಯೋರಿಗೆ ಅವರ ಓಣಿ ಸಾಲ್ದೇನಯ್ಯಾ? ಅಳಿಸು!"

ಪೇಂಟರ್ ಅಂಗಿಯ ಮೇಲೆ ಬೂದುಬಣ್ಣ ಬಳಿದ. ಆ ಪರದೆಯ ಮುಂದೆ ನಿಲ್ಲಲು ಕಾರ್ಮಿಕರು ಮುಗಿಬಿದ್ದರು.

ಒಂದು ದಿನ ಅಕ್ಕನೂ ರಜೆ ಹಾಕಿ ಬಂದಳು. "ನನ್ನ ಅಂಗಿ ಬರ್ದಿದೀನಿ ಅಂದಿದ್ಯಲ್ಲ, ಎಲ್ಲೋ?"

"ಒಣಗಿತ್ತಕ್ಕಾ, ಯಾರೋ ಒಳಗೆ ತಗೊಂಡ್ರು" ಎಂದ.

ಅಕ್ಕ ನಕ್ಕುಬಿಟ್ಟಳು. ನಗುತ್ತಲೇ ಹೋಗಿ ಪರದೆಯ ಮುಂದೆ ನೆಟ್ಟಗೆ ನಿಂತಳು. ಅವನಿಗೆ ಮಾತ್ರ ತಲೆ ಎತ್ತಲಾಗಲಿಲ್ಲ.